ಹೆಬ್ರೋನಿನ ಕೆಮ್ಮು

"ಕೆಮ್ಮಿದ್ದು ಯಾರು?"

ಯಾರನ್ನೂ ಉದ್ದೇಶಿಸಿ ಕೇಳಿದ ಪ್ರಶ್ನೆಯಲ್ಲ ಅದು. ನಮ್ಮೂರ ಪ್ರಾರ್ಥನಾಮಂದಿರ ಹೆಬ್ರೋನ್ ಚಾಪೆಲ್ ಖಾಲಿಯಿದೆ ಎಂದುಕೊಂಡು, ನಡುದಾರಿಯಲ್ಲಿ ನಿಂತು, ಕತ್ತೆತ್ತಿ, ಆ ಮನುಷ್ಯ ಗಾಳಿಯನ್ನು ಕೇಳಿದ್ದ. ಮಾತು ಮೇಲೆ ಹೋಗಿ ಸೂರಿನ ಹಲಗೆಗಳಲ್ಲಿ ಇಂಗಿತು. ನಮ್ಮ ಹೆಬ್ರೋನಿನ ಗುಣವೇ ಅದು: ಹೇಳಿದ್ದನ್ನು ನುಂಗಿಕೊಳ್ಳುತ್ತದೆ, ವಾಪಸು ಕೊಡುವುದಿಲ್ಲ. ಕಟ್ಟಿದವರು ಹಡಗಿನ ಬಡಗಿಗಳು. ನೆಲದಿಂದ ಸೂರಿನವರೆಗೆ ಪೈನ್ ಮರ. ಹೊರಗಿನಿಂದ ಬಂದ ಬೋಧಕರೆಲ್ಲ "ಈ ಕಟ್ಟಡ ನಮ್ಮ ದನಿಗೆ ಒಂದು ಕಾಸಿನ ಸಹಾಯ ಮಾಡುವುದಿಲ್ಲ" ಎಂದು ದೂರಿ ಹೋದವರೇ.

ನಾನು ಮೂರನೇ ಬೆಂಚಿನ ಹಿಂದೆ ಮಂಡಿಯೂರಿ ಮರಕ್ಕೆ ಮೇಣ ಹಚ್ಚುತ್ತಿದ್ದೆ. ಬಟ್ಟೆ ಹಿಡಿದು ಎದ್ದು ನಿಂತಾಗ ಅವನು ಬೆಚ್ಚಿ ಟೋಪಿ ಬೀಳಿಸಿದ.

"ಅಯ್ಯೋ ದೇವರೇ! ಕ್ಷಮಿಸಿ ಮೇಡಂ. ಯಾರೂ ಇಲ್ಲ ಅಂದ್ಕೊಂಡಿದ್ದೆ."

"ನೀವು ಕರೆದವನು ಇದ್ದಾನೆ," ಅಂದೆ. "ನಾನು ನೆಸ್ಟಾ ರೋಲಂಡ್ಸ್. ಬೀಗದ ಕೈ ನನ್ನ ಹತ್ರ ಇರುತ್ತೆ, ಅಷ್ಟೆ."

ಅವನ ಹೆಸರು ಫೆಂಟನ್. ಇಂಗ್ಲೆಂಡಿನ ಲೆಸ್ಟರ್ ಕಡೆಯವನು. ನಮ್ಮ ವೇಲ್ಸ್ ಮಾತು ಬಾರದು. ಆದರೆ ಊರುಗಳ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ಕಲಿತು ಬಂದಿದ್ದ, ಅದಕ್ಕೆ ನನಗೆ ಅವನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ವೃತ್ತಿಯಲ್ಲಿ ಭೂಮಾಪಕನಾಗಿದ್ದನಂತೆ. ನಿವೃತ್ತಿಯ ನಂತರವಷ್ಟೇ ಅಲ್ಲ, ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ, ಸಿನಿಮಾ ಮತ್ತು ಟೀವಿಯ ಬಗ್ಗೆ ಯಾರಿಗೂ ಬೇಡವಾದ ಸಂಗತಿಗಳ ಪಟ್ಟಿ ಮಾಡುವುದೇ ಅವನ ಕೆಲಸ. ಹನ್ನೊಂದು ಸಾವಿರ ಸಂಗತಿಗಳಿವೆ ಅಂದ. ರಾಣಿಯ ಕಥೆಯೊಂದರಲ್ಲಿ ಏಳು ದೃಶ್ಯಗಳಲ್ಲಿ ಬರುವುದು ಒಂದೇ ಕೋಳಿ. ಮೂರನೇ ದೃಶ್ಯದಲ್ಲಿ ಅದನ್ನು ಊಟಕ್ಕೆ ಬಡಿಸಿಯಾಗಿರುತ್ತದೆ. ಆಸ್ಪತ್ರೆಯ ಧಾರಾವಾಹಿಯೊಂದರಲ್ಲಿ ಗೋಡೆ ಗಡಿಯಾರ ಹನ್ನೊಂದು ವರ್ಷ ನಾಲ್ಕೂ ಇಪ್ಪತ್ತರಲ್ಲೇ ನಿಂತಿತ್ತು. ಅಷ್ಟರಲ್ಲಿ ಅದರ ಕೆಳಗೆ ನಲವತ್ತು ಮಕ್ಕಳು ಹುಟ್ಟಿದವು. ಅವಳಿ ಅಣ್ಣತಮ್ಮಂದಿರಾಗಿ ನಟಿಸಿದ ಒಬ್ಬನೇ ನಟ, ತಾನು ಈಗ ಯಾರು ಎಂದು ಮರೆತು, ತನ್ನ ಶವಸಂಸ್ಕಾರದಲ್ಲಿ ತಾನೇ ತಪ್ಪು ಕಡೆ ನಿಂತು ಅತ್ತಿದ್ದಾನೆ.

ನಾನು ನಕ್ಕೆ. ಮೇಣದ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ. "ಇದರಿಂದ ಏನು ಪ್ರಯೋಜನ ಸ್ವಾಮಿ?"

"ಏನೂ ಇಲ್ಲ!" ಅಂದ ಖುಷಿಯಿಂದ. "ಅದೇ ಇದರ ಸೊಗಸು. ಪ್ರಯೋಜನ ಇರೋ ಕಡೆ ಜನ ಸುಳ್ಳು ಹೇಳ್ತಾರೆ. ಪ್ರಯೋಜನ ಇಲ್ಲದ ವಿಷಯದಲ್ಲಿ ಯಾರು ಯಾಕೆ ಸುಳ್ಳು ಹೇಳ್ತಾರೆ ಹೇಳಿ? ಚೊಕ್ಕ ನಿಜ ಸಿಗೋದು ಅಲ್ಲಿ ಮಾತ್ರ."

ನಾನು ಬೆಂಚಿನ ಅಂಚಿಗೆ ಮತ್ತೆ ಮೇಣ ತೀಡಿದೆ. ಅವನು ಕೇಳುತ್ತಿದ್ದ ಕೆಮ್ಮಿನ ವಿಷಯದಲ್ಲಿ ಐವತ್ತನಾಲ್ಕು ವರ್ಷಗಳಿಂದ ಸುಳ್ಳು ನಡೆದು ಬಂದಿತ್ತು. ನಾನೂ ಅದರಲ್ಲಿ ಪಾಲುದಾರಳು.

ಸಾವಿರದ ಒಂಬೈನೂರ ಐವತ್ತೆಂಟರ ವಸಂತದಲ್ಲಿ ನಮ್ಮ ಬ್ರಿನ್‌ಕಾರೆಗ್ ಊರಿಗೆ ಲಂಡನ್ನಿನಿಂದ ಸಿನಿಮಾದವರು ಬಂದರು. ಚಿತ್ರದ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅದು "ಕೆಮ್ಮಿನ ಚಿತ್ರ". ಅದರಲ್ಲಿ ಬೋಧಕನೊಬ್ಬ ಉಪದೇಶದ ನಡುವೆ, ಬಿಟ್ಟುಹೋದ ಹೆಂಡತಿ ಬಾಗಿಲಲ್ಲಿ ನಿಂತಿರುವುದನ್ನು ಕಂಡು ಮಾತು ನಿಲ್ಲಿಸುತ್ತಾನೆ. ಹನ್ನೆರಡು ಸೆಕೆಂಡು ಮೌನ. ಆ ಮೌನದ ಸರಿ ನಡುವೆ ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ. ಸಭೆಯಾಗಿ ಕೂತಿದ್ದವರು ನಾವೇ, ಊರಿನವರು, ಭಾನುವಾರದ ಬಟ್ಟೆ ಹಾಕಿಕೊಂಡು.

ಸಿನಿಮಾ ಹುಚ್ಚಿನವರು ಆ ಕೆಮ್ಮಿಗೆ ಎಷ್ಟು ಅರ್ಥ ಕಟ್ಟಿದ್ದಾರೋ ಲೆಕ್ಕವಿಲ್ಲ. ಬೋಧಕನಿಗೆ ಮುಂದೆ ಬರುವ ಕಾಯಿಲೆಯ ಸೂಚನೆ ಎಂದು ಒಬ್ಬ. ಹೆಂಡತಿ ಆಗಲೇ ಸತ್ತಿದ್ದಾಳೆ, ಕೆಮ್ಮು ಅವಳದೇ ಎಂದು ಇನ್ನೊಬ್ಬ. ಊರಿನಲ್ಲಿ ಮಾತ್ರ ಒಂದೇ ಉತ್ತರ: ಕೆಮ್ಮಿದ್ದು ಬ್ರೆಡ್ ಹ್ಯೂ. ನಮ್ಮಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುವುದರಿಂದ ಕಸುಬನ್ನು ಹೆಸರಿಗೆ ಗಂಟು ಹಾಕುತ್ತೇವೆ. ಹ್ಯೂ ಬೇಕರಿಯವನು. ದಪ್ಪ ಮನುಷ್ಯ, ಹಿಟ್ಟಿನ ಕೈ, ದೊಡ್ಡ ನಗು. ಆ ಕೆಮ್ಮನ್ನು ಅವನು ಸಾಯುವವರೆಗೂ ಹೇಳಿಕೊಂಡ. ಮೊದಲು ಗಂಟಲಿಗೆ ಹಿಟ್ಟು ಹೋಗಿತ್ತು ಅಂದ. ಹತ್ತು ವರ್ಷದ ಮೇಲೆ ಅದು ನೊಣವಾಯಿತು. ಆಮೇಲೆ ಪಂದ್ಯ ಕಟ್ಟಿ ಕೆಮ್ಮಿದ್ದು ಅಂದ. ಮುದುಕನಾದ ಮೇಲೆ, ಆ ನಟನ ಉಪದೇಶ ಕೇಳಿ ಕೆಮ್ಮದೆ ಇರಲು ಪ್ರವಾದಿಗಳಿಗೂ ಆಗುತ್ತಿರಲಿಲ್ಲ ಅಂದ. ಅವನ ಮೊಮ್ಮಗಳು ಮೆಲೆರಿ ಈಗಲೂ ಅದೇ ಅಂಗಡಿಯಲ್ಲಿ "ಹ್ಯೂ ಕೆಮ್ಮು" ಎಂಬ ಶುಂಠಿ ಬನ್ನು ಮಾರುತ್ತಾಳೆ. ದೂರದಿಂದ ಬಂದವರು ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ಕೆಮ್ಮಿದ್ದು ನನ್ನ ಅಪ್ಪ.

ಅಪ್ಪನ ಹೆಸರು ಎಮ್ರಿಸ್. ಸೂರಿಗೆ ಹೊದಿಸುವ ಸ್ಲೇಟು ಕಲ್ಲಿನ ಗಣಿಯ ಶೆಡ್ಡಿನಲ್ಲಿ ಕಲ್ಲು ಸೀಳುವವನು. ಇಪ್ಪತ್ತೈದು ವರ್ಷ ಆ ಧೂಳನ್ನು ಉಸಿರಾಡಿದ್ದ. ಧೂಳಿನಿಂದ ಏನೂ ಆಗುವುದಿಲ್ಲ, ನೀವು ಕುಡಿಯುವ ಕಡು ಚಹಾದಿಂದಲೇ ಎದೆ ಕೆಡುವುದು ಎಂದು ಗಣಿಯ ವೈದ್ಯ ಹೇಳುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಚಹಾ ನೀರಿನಷ್ಟು ತೆಳ್ಳಗಾಯಿತು, ಕೆಮ್ಮು ಗಟ್ಟಿಯಾಯಿತು.

ಅವನ ಎದೆ ಎಷ್ಟು ಉಳಿದಿದೆ ಎನ್ನುವುದು ನನಗೆ ವಾಕ್ಯಗಳಿಂದ ತಿಳಿಯುತ್ತಿತ್ತು. ನಮ್ಮಲ್ಲಿ ಮಕ್ಕಳು ಪ್ರತಿ ಭಾನುವಾರ ಧರ್ಮಗ್ರಂಥದ ಒಂದು ವಾಕ್ಯವನ್ನು ಬಾಯಿಪಾಠ ಮಾಡಿ ಎದ್ದು ನಿಂತು ಹೇಳಬೇಕು. ಬುಧವಾರದ ಕೂಟದಲ್ಲಿ ದೊಡ್ಡವರೂ ಹೇಳುತ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ಹೇಳುತ್ತಿದ್ದುದು ಉದ್ದುದ್ದ ವಾಕ್ಯಗಳು. ಬೆಟ್ಟ ಹತ್ತಿ ಇಳಿದ ಹಾಗೆ, ಒಂದೇ ಉಸಿರಿನಲ್ಲಿ. ನಾನು ಏಳನೇ ವರ್ಷಕ್ಕೆ ಬರುವ ಹೊತ್ತಿಗೆ ಅವು ಅರ್ಧವಾದವು. ಎಂಟಕ್ಕೆ ಒಂದು ಸಾಲು. ಒಂಬತ್ತಕ್ಕೆ ಮೂರೇ ಪದದ ವಾಕ್ಯಗಳು, ಪಾಠ ಮರೆತ ಮಕ್ಕಳು ತಪ್ಪಿಸಿಕೊಳ್ಳಲು ಹೇಳುವಂಥವು. ಹಿರಿಯರು "ಎಮ್ರಿಸ್ ಸೋಮಾರಿಯಾಗ್ತಿದ್ದಾನೆ" ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ, ಬಾಯಿ ಮುಚ್ಚಿಕೊಂಡು.

ಚಿತ್ರೀಕರಣದ ದಿನ ನಾನು ಅವನ ಪಕ್ಕ ಮೂರನೇ ಬೆಂಚಿನಲ್ಲಿದ್ದೆ. ಎದುರಿಗೆ, ಉಪದೇಶ ಪೀಠದ ಕೆಳಗಿನ ಹಿರಿಯರ ಆಸನದಲ್ಲಿ ಗಣಿಯ ಮೇಲ್ವಿಚಾರಕ ಪ್ಯೂ ಕೂತಿದ್ದ. ಆ ವಾರಗಳಲ್ಲಿ ಪ್ಯೂ ಗಣಿಯ ಶೆಡ್ಡುಗಳಲ್ಲಿ ಸುತ್ತಾಡುತ್ತಾ ಕಿವಿ ಕೊಟ್ಟು ಕೇಳುತ್ತಿದ್ದಾನೆ, ಕೆಮ್ಮುವವರನ್ನು ಹುಡುಕಿ, ಕಾಯಿಲೆ ಎಂದು ಯಾರಾದರೂ ಬರೆದುಕೊಟ್ಟು ಪರಿಹಾರ ಕೊಡಬೇಕಾಗುವ ಮೊದಲೇ ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದಾನೆ ಎಂಬ ಸುದ್ದಿಯಿತ್ತು. ಆ ಮೌನದ ದೃಶ್ಯವನ್ನು ಎಂಟು ಸಲ ತೆಗೆದರು. ಎಂಟು ಸಲವೂ ಕಿಟಕಿಯ ಬೆಳಕು ಕೈಕೊಟ್ಟಿತು. ಒಂಬತ್ತನೆಯ ಸಲ ಮೋಡ ಸರಿದು ಬೆಳಕು ನೇರ ಬೋಧಕನ ಹಣೆಯ ಮೇಲೆ ಬಿತ್ತು. ಮೌನ ಶುರುವಾಯಿತು. ಅಪ್ಪನ ಎದೆಯೊಳಗೆ ಏನೋ ಏಳುತ್ತಿರುವುದು ನನಗೆ ಬೆಂಚಿನ ಮರದ ಮೂಲಕ ಗೊತ್ತಾಯಿತು. ಅವನು ಜೇಬಿನಲ್ಲಿ ಪೆಪ್ಪರಮೆಂಟಿನ ಡಬ್ಬಿ ಹುಡುಕಿದ. ಸಿಗುವಷ್ಟರಲ್ಲಿ ಬಂದುಬಿಟ್ಟಿತು.

"ಕೆಮ್ಮಿದ್ದು ಯಾರು?" ದೃಶ್ಯ ಮುಗಿದ ಕೂಡಲೇ ನಿರ್ದೇಶಕ ಕಿರುಚಿದ. "ಯಾವ ಪ್ರಾಣಿ ಅದು?"

ಪ್ಯೂ ತಲೆ ತಿರುಗಿಸಿದ. ನಿಧಾನವಾಗಿ, ಸಾಲು ಸಾಲಾಗಿ ನೋಡುತ್ತಾ ಬಂದ. ಅಪ್ಪನ ಕೈ ನನ್ನ ಕೈಯನ್ನು ಹಿಡಿದಿತ್ತು.

ಆಗ ಮೇಲಿನ ಗ್ಯಾಲರಿಯಿಂದ ದೊಡ್ಡ ದನಿ: "ನಾನು ಸ್ವಾಮಿ, ನಾನು! ಬೆಳಗ್ಗಿನ ಹಿಟ್ಟು ಗಂಟಲಲ್ಲೇ ಕೂತಿತ್ತು, ಇವರ ಉಪದೇಶ ಕೇಳಿ ಹೊರಗೆ ಬಂತು!"

ಚಾಪೆಲ್ ನಗೆಯಲ್ಲಿ ಮುಳುಗಿತು. ಪ್ಯೂ ಕೂಡ ನಕ್ಕು ಮುಂದಕ್ಕೆ ತಿರುಗಿದ. ಹ್ಯೂನನ್ನು ಹೊರಗೆ ಕಳಿಸಿದರು. ಅಂಥ ಬೆಳಕು ಮತ್ತೆ ಬರಲಿಲ್ಲ. ಕೆಮ್ಮಿನ ಸಮೇತ ಒಂಬತ್ತನೆಯದನ್ನೇ ಇಟ್ಟುಕೊಂಡರು.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಎರಡು ಸಲ ನಿಂತ. ಎರಡನೆಯ ಸಲ ಹೇಳಿದ: "ನೀನು ಒಳ್ಳೆ ಕಿವಿಯವಳು ಮಗಳೇ. ಇದೊಂದನ್ನ ನೀನು ಕೇಳಿಲ್ಲ. ಆಯ್ತಾ?"

"ಕೇಳಿಲ್ಲಪ್ಪ," ಅಂದೆ.

ಅದರಿಂದ ಅವನಿಗೆ ಇನ್ನೂ ಮೂರು ವರ್ಷದ ಕೆಲಸ ಸಿಕ್ಕಿತು. ನಾಲ್ಕನೆಯ ವರ್ಷ ತೀರಿಕೊಂಡ. ಅವನ ಮಾತು, ಅವನ ಹಾಡು ಯಾವುದನ್ನೂ ಯಾರೂ ಹಿಡಿದಿಟ್ಟಿಲ್ಲ. ಲೋಕದಲ್ಲಿ ಉಳಿದಿರುವ ನನ್ನ ಅಪ್ಪನ ಸದ್ದು ಅದೊಂದೇ. ಅದಕ್ಕೆ ಬೇರೆಯವನ ಹೆಸರು, ಮೇಲೆ ಒಂದು ಶುಂಠಿ ಬನ್ನು.

ಫೆಂಟನ್ ಬೆಂಚಿನ ಮೇಲೆ ಒಂದು ಹಳೆಯ ಫೋಟೋ ಹರಡಿದ. ಸಿನಿಮಾದವರೇ ತೆಗೆದದ್ದು. "ಮೂಲ ಧ್ವನಿ ಸಿಕ್ಕಿದೆ ಮೇಡಂ. ಲಂಡನ್ನಿನ ಒಂದು ಉಗ್ರಾಣದಲ್ಲಿ, ಡಬ್ಬದ ಮೇಲೆ ತಪ್ಪು ಹೆಸರು ಬರೆದು ಇಟ್ಟಿದ್ರು. ಎರಡು ಮೈಕು ಇಟ್ಟಿದ್ರು ಆವತ್ತು. ಅಳೆದು ನೋಡಿದ್ದೀನಿ. ಕೆಮ್ಮು ಬಂದಿರೋದು ಕೆಳಗಿಂದ, ಎಡಗಡೆಯಿಂದ. ನಿಮ್ಮ ಹ್ಯೂ ನೋಡಿ, ಮೇಲೆ, ಬಲಗಡೆ. ಅವರಾಗಿರೋಕ್ಕೆ ಸಾಧ್ಯನೇ ಇಲ್ಲ." ಬೆರಳು ಕೆಳಗೆ ಜಾರಿತು. "ಮೂರನೇ ಬೆಂಚು. ಈ ಹುಲ್ಲಿನ ಟೋಪಿ ಹುಡುಗಿ ನೀವೇ ಅಲ್ವಾ?"

ಟೋಪಿಯನ್ನು ನೋಡಿದೆ. ಅದರ ಪಕ್ಕದ ಮನುಷ್ಯನನ್ನು ನೋಡಿದೆ. ಅವನ ಬಾಯಿ ಮುಚ್ಚಿತ್ತು.

"ಆ ಚಿತ್ರದ ಹೊಸ ಡಿಸ್ಕ್ ಬರ್ತಿದೆ. ಅದರ ಜತೆ ಪುಸ್ತಿಕೆ. ಅಲ್ಲಿ ಇದು ಅಚ್ಚಾಗುತ್ತೆ. ನೀವು ಒಂದು ಹೇಳಿಕೆ ಕೊಟ್ಟು ರುಜು ಹಾಕಿದ್ರೆ ಸಾಕು."

"ಶುಕ್ರವಾರದವರೆಗೆ ಟೈಮ್ ಕೊಡಿ," ಅಂದೆ. "ಶುಕ್ರವಾರ ಸಂಜೆ ಇಲ್ಲಿ ಕ್ವಿಜ್ ಇದೆ. ಬನ್ನಿ. ನಿಮ್ಮ ಆ ಧ್ವನಿಯನ್ನೂ ತನ್ನಿ."

ಕ್ವಿಜ್ ನಡೆಸುವವನು ಟಪಾಲು ಇದ್ವಲ್. ಮೂವತ್ತು ವರ್ಷ ಊರಿಗೆ ಕಾಗದ ಹಂಚಿದವನು. ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ವರ್ಷಕ್ಕೊಮ್ಮೆ ಆಗುವ ಆ ಕ್ವಿಜ್‌ನಲ್ಲಿ ಬರೀ ಕೆಲಸಕ್ಕೆ ಬಾರದ ಪ್ರಶ್ನೆಗಳು. ಕೊನೆಯ ಪ್ರಶ್ನೆ ಯಾವಾಗಲೂ ಒಂದೇ. ಇದ್ವಲ್ ಹಳೆಯ ಕ್ಯಾಸೆಟ್ ಹಾಕುತ್ತಾನೆ. ಮೌನ, ಕೆಮ್ಮು. "ಕೆಮ್ಮಿದ್ದು ಯಾರು?" ಇಡೀ ಕೋಣೆ ಕೂಗುತ್ತದೆ: "ಬ್ರೆಡ್ ಹ್ಯೂ!" ಮೂವತ್ತನಾಲ್ಕು ವರ್ಷದಿಂದ ನಾನು ಮಾತ್ರ ಕೂಗಿಲ್ಲ.

ಬುಧವಾರ ಅವನ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಒಡೆದ ಲಕೋಟೆಗಳ ಬೆನ್ನಿಗೆ ಪ್ರಶ್ನೆ ಬರೆಯುತ್ತಿದ್ದ.

"ಏನ್ ತಾಯಿ ಇದು? ಕ್ವಿಜ್‌ಗೆ ಎರಡು ದಿನ ಇರೋವಾಗ ಕ್ವಿಜ್ ಮಾಸ್ಟರ್ ಮನೆಗೆ ಬಂದ್ರೆ ಊರು ಏನಂದೀತು? ಲಂಚ ಅನ್ನಲ್ವಾ?"

"ಲಂಚಾನೂ ತಂದಿಲ್ಲ, ಕೇಕೂ ತಂದಿಲ್ಲ."

"ಕೇಕೂ ಇಲ್ವಾ? ಹಾಗಾದ್ರೆ ಯಾಕ್ ಬಂದೆ ಮಾರಾಯ್ತಿ, ಹೋಗು."

"ಈ ಸಲ ಕೊನೇ ಪ್ರಶ್ನೆ ಉತ್ತರ ಬದಲಾಯಿಸಬೇಕು ಇದ್ವಲ್."

ಅವನು ಪೆನ್ಸಿಲ್ ಕೆಳಗಿಟ್ಟ. ನಾನು ಐವತ್ತನಾಲ್ಕು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ: "ಕೆಮ್ಮಿದ್ದು ನಮ್ಮಪ್ಪ."

"ಗೊತ್ತು," ಅಂದ.

ನಾನು ಕುರ್ಚಿ ಎಳೆದು ಕೂತೆ. "ಹೇಗೆ ಗೊತ್ತು? ನೀನು ಆವತ್ತು ಊರಲ್ಲೇ ಇರ್ಲಿಲ್ಲ. ಸೈನ್ಯದಲ್ಲಿದ್ದೆ."

"ಹ್ಯೂನೇ ಹೇಳಿದ. ಎಪ್ಪತ್ತೆಂಟರಲ್ಲಿ, ಟೀವಿಯಲ್ಲಿ ಆ ಚಿತ್ರ ಮೊದಲನೇ ಸಲ ಬಂತಲ್ಲ, ಆಗ ಪೆಟ್ಟಿಗೆ ಮುಂದೆ ಕ್ಯಾಸೆಟ್ ರೆಕಾರ್ಡರ್ ಹಿಡ್ಕೊಂಡು ಕೂತು ಇದನ್ನ ಹಿಡಿದಿದ್ದ. ತಂದುಕೊಟ್ಟು, ವರ್ಷಕ್ಕೊಂದ್ಸಲ ಹಾಕು, ಕಟ್ಟಕಡೆಗೆ ಹಾಕು ಅಂದ. ನಾನಂದೆ, ಎಷ್ಟು ಜಂಬಾನೋ ನಿನಗೆ, ನಿನ್ನ ಕೆಮ್ಮನ್ನ ನಾವು ವರ್ಷಾವರ್ಷ ಕೇಳಬೇಕಾ? ಆಗ ಬಾಗಿಲು ಹಾಕ್ಕೊಂಡು ಬಂದು ಹೇಳಿದ."

"ಏನಂತ?"

"'ಇದು ಎಮ್ರಿಸ್ ಕೆಮ್ಮು ಅಂದ್ರೆ ಊರು ಅಳುತ್ತೆ ಕಣೋ. ಒಂದು ವರ್ಷ ಅಳುತ್ತೆ, ಎರಡು ವರ್ಷ ಅಳುತ್ತೆ, ಆಮೇಲೆ ಬೇಸರ ಬಂದು ಬಿಟ್ಟುಬಿಡುತ್ತೆ. ನಂದು ಅಂದ್ರೆ ನಗ್ತಾರೆ. ನಗೋದನ್ನ ಜನ ಬಿಡಲ್ಲ. ನಗೋಕ್ಕೆ ಮುಂಚೆ ಹನ್ನೆರಡು ಸೆಕೆಂಡು ಎಲ್ಲಾರೂ ಉಸಿರು ಬಿಗಿ ಹಿಡಿದು ಅವನನ್ನ ಕೇಳ್ತಾರೆ. ಅಷ್ಟು ಸಾಕು.' ಹೀಗಂದ."

ಮನಸ್ಸು ಕರಗಬೇಕಿತ್ತು. ಕರಗಲಿಲ್ಲ, ಉರಿಯಿತು.

"ಅಷ್ಟು ಸಾಕು ಅಂತ ಹೇಳೋಕ್ಕೆ ಅವನ್ಯಾರು? ನಮ್ಮಪ್ಪನ್ನ ತನ್ನ ಹೆಸರಿನ ಕೆಳಗೆ ಹೂತು, ಮೇಲೆ ಕೂತು ಬಿಟ್ಟಿ ಬಿಯರ್ ಕುಡಿದ್ನಲ್ಲ! ಗಣಿ ಮುಚ್ಚಿ ಎಷ್ಟು ವರ್ಷ ಆಯ್ತು. ಪ್ಯೂ ಸತ್ತ. ಅಪ್ಪನ ಕೆಲಸ ಯಾರೂ ಕಿತ್ಕೊಳೋಕ್ಕಾಗಲ್ಲ. ಇನ್ನೂ ಯಾಕೆ ಮುಚ್ಚಿಡಬೇಕು?"

"ಕುಡಿದಿದ್ದು ನಿಜ," ಇದ್ವಲ್ ಒಪ್ಪಿಕೊಂಡ. "ಅರ್ಧ ನಾನೇ ಕೊಡಿಸಿದ್ದೀನಿ." ಲಕೋಟೆಗಳನ್ನು ಜೋಡಿಸಿದ. "ನೋಡು ನೆಸ್ಟಾ. ಕ್ವಿಜ್ ಮಾಸ್ಟರ್ ಮಾತೇ ಕೊನೇ ಮಾತು, ತಪ್ಪಾಗಿದ್ರೂ. ಅದು ನಿಯಮ. ನಾನು ಬದಲಾಯಿಸಲ್ಲ. ಆದ್ರೆ ಶುಕ್ರವಾರ ಪ್ರಶ್ನೆ ಕೇಳಿದ ಮೇಲೆ ಕೈ ಎತ್ತಿ ಎಲ್ಲರನ್ನೂ ತಡೀತೀನಿ. ಎದ್ದು ನಿಂತು ನೀನು ಹೇಳು. ನೀನು ಏನು ಹೇಳ್ತೀಯೋ ಅದೇ ಇನ್ನು ಮೇಲೆ ಉತ್ತರ."

ಎರಡು ರಾತ್ರಿ ಪ್ರಾರ್ಥಿಸಿದೆ. ನನ್ನ ಪ್ರಾರ್ಥನೆ ಎಂದರೆ ಕಿವಿಗೊಟ್ಟು ಕೂರುವುದು. ಏನೂ ಕೇಳಿಸಲಿಲ್ಲ. ಸುಳ್ಳು ಸಾಕ್ಷಿ ಹೇಳಬಾರದು ಎನ್ನುವುದನ್ನು ಐದನೇ ವಯಸ್ಸಿನಲ್ಲಿ ಬಾಯಿಪಾಠ ಮಾಡಿದವಳು ನಾನು. ಅಪ್ಪನಿಗೆ ಕೊಟ್ಟ ಮಾತೂ ಮಾತೇ. ಕೊನೆಗೆ ಹೇಳುವುದೆಂದೇ ನಿಶ್ಚಯಿಸಿ, ಭಾನುವಾರದ ಕೋಟು ಹಾಕಿಕೊಂಡು ಹೊರಟೆ.

ಕೋಣೆ ತುಂಬಿತ್ತು. ಚಹಾದ ದೊಡ್ಡ ಪಾತ್ರೆ ಕುದಿಯುತ್ತಿತ್ತು, ದ್ರಾಕ್ಷಿ ಹಾಕಿದ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಒಂದು ತಂಡದ ಹೆಸರು "ಮೂವರು ವಿಧವೆಯರು ಮತ್ತು ಗ್ಲಿನ್". ಗ್ಲಿನ್‌ಗೆ ಆ ಹೆಸರು ಇಷ್ಟವಿರಲಿಲ್ಲ, ಯಾರೂ ಅವನನ್ನು ಕೇಳಿರಲಿಲ್ಲ. ಮೆಲೆರಿ ಬನ್ನಿನ ತಟ್ಟೆ ಹಿಡಿದು ಬಂದು ನನ್ನ ಪಕ್ಕ ಕೂತಳು. ಅವಳು ಯಾವಾಗಲೂ ನನ್ನ ತಂಡವೇ.

"ನೆಸ್ಟಾ ಆಂಟಿ, ಈ ವರ್ಷನಾದ್ರೂ ನಮ್ಮ ತಾತನ ಹೆಸರು ಕೂಗ್ತೀಯಾ? ಪ್ರತಿ ಸಲ ಬಾಯಿ ಹೊಲಿದುಕೊಂಡು ಕೂತಿರ್ತೀಯ. ತಾತ ನಿನಗೆ ಹಳಸಿದ ಬ್ರೆಡ್ ಏನಾದ್ರೂ ಕೊಟ್ಟಿದ್ನಾ?"

"ಇಲ್ಲ ಮರಿ," ಅಂದೆ. "ಬ್ರೆಡ್ ಯಾವಾಗಲೂ ಚೆನ್ನಾಗಿರ್ತಿತ್ತು."

ಹಿಂದಿನ ಸಾಲಿನಲ್ಲಿ ಫೆಂಟನ್ ಮೊಣಕಾಲ ಮೇಲೆ ಯಂತ್ರವಿಟ್ಟುಕೊಂಡು, ಪಕ್ಕದವರು ಇಂಗ್ಲಿಷಿಗೆ ತಿರುಗಿಸಿ ಹೇಳುವುದನ್ನು ಕೇಳುತ್ತಾ ಕೂತಿದ್ದ, ಸ್ವರ್ಗಕ್ಕೆ ಬಂದವನ ಮುಖ ಮಾಡಿಕೊಂಡು.

"ಹಡಗಿನ ಧಾರಾವಾಹಿ," ಇದ್ವಲ್ ಲಕೋಟೆ ಓದಿದ. "ಆರು ವರ್ಷ ನಡೀತು. ಅಷ್ಟರಲ್ಲಿ ಆ ಹಡಗು ಎಷ್ಟು ಸಲ ನೀರು ಮುಟ್ತು?"

"ಎರಡು!" ಗ್ಲಿನ್.

"ಒಂದ್ಸಲಾನೂ ಇಲ್ಲ. ಅದು ದನದ ಕೊಟ್ಟಿಗೆಯಲ್ಲಿತ್ತು."

"ಬಿರುಗಾಳಿ ಬಂತಲ್ಲ, ಆಗ ನೀರು ಬಿದ್ದಿದ್ದು ನಾನೇ ನೋಡಿದ್ದೀನಿ!"

"ಅದು ಬಕೆಟ್ ನೀರು ಕಣೋ."

"ಬಕೆಟ್ ನೀರು ನೀರಲ್ವೇನೋ? ಮತ್ತೇನು, ಹಾಲಾ?"

"ಹಡಗು ನೀರು ಮುಟ್ಟೋದು ಬೇರೆ, ನೀರು ಹಡಗು ಮುಟ್ಟೋದು ಬೇರೆ. ಕ್ವಿಜ್ ಮಾಸ್ಟರ್ ಮಾತೇ ಕೊನೇ ಮಾತು." ಕೋಣೆಯೆಲ್ಲ ಮೇಜು ಗುದ್ದಿತು.

ಹೀಗೇ ಮೂವತ್ತು ಪ್ರಶ್ನೆ ಆದವು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಕೊನೆಗೆ ಇದ್ವಲ್ ಕನ್ನಡಕ ತೆಗೆದ.

"ಈ ಸಲ ಕ್ಯಾಸೆಟ್ ಇಲ್ಲ. ಇವರು ಮೂಲ ಧ್ವನಿ ತಂದಿದ್ದಾರೆ. ಮೈಕಿಗೆ ಆವತ್ತು ಕೇಳಿಸಿದ್ದು ಅಷ್ಟೂ ಇದೆಯಂತೆ. ಸುಮ್ಮನಿರಿ ಎಲ್ರೂ."

ಸುಮ್ಮನಾದರು. ಚಹಾ ಪಾತ್ರೆಯ ಕೆಳಗಿನ ಉರಿಯನ್ನು ಯಾರೋ ಆರಿಸಿದರು.

ಬೋಧಕನ ಕೊನೆಯ ಮಾತು ಬಂದು ನಿಂತಿತು. ಮೌನ. ಕ್ಯಾಸೆಟ್ಟಿನಲ್ಲಿ ಈ ಮೌನ ಬರೀ ಸರಸರ ಸದ್ದಾಗಿತ್ತು; ಈಗ ಅದರೊಳಗೆ ಊರೇ ಇತ್ತು. ಬೆಂಚಿನ ಮರ ಬಿಗಿಯುವುದು, ಯಾರದೋ ಬೂಟು, ಸತ್ತು ಎಷ್ಟೋ ವರ್ಷವಾದವರ ಉಸಿರು. ಆಮೇಲೆ ಅಪ್ಪ. ಒಣ ಕೆಮ್ಮು, ಎರಡು ಹೆಜ್ಜೆಯದು, ಉಳಿ ಕಲ್ಲಿನ ಎಳೆ ಹುಡುಕುವ ಹಾಗೆ. ನನ್ನ ಕೈ ತಾನಾಗಿ ಮುಚ್ಚಿಕೊಂಡಿತು.

ಅದು ಮುಗಿಯುವ ಮೊದಲೇ ಇನ್ನೊಂದು ಕೇಳಿಸಿತು.

ಸಣ್ಣದು, ದೂರದ್ದು, ಮೇಲಿನಿಂದ. ಆದರೆ ಒಣಗಿದ್ದಲ್ಲ. ದುಂಡಗಿನ, ಹಿಟ್ಟು ನಾದಿದ ಹಾಗಿನ ಕೆಮ್ಮು. ಅಪ್ಪನ ಕೆಮ್ಮಿನ ಬಾಲದ ಮೇಲೆ ಕಾಲಿಟ್ಟು ಅದನ್ನು ಮುಚ್ಚುವ ಆತುರದ್ದು. ಆ ಗಂಟಲು ನನಗೆ ಗೊತ್ತಿತ್ತು. ಅಂಗಡಿಯ ಗಂಟೆ ಬಾರಿಸಿದಾಗಲೆಲ್ಲ ಒಳಗಿನಿಂದ ಅದೇ ಗಂಟಲು "ಬಂದೆ!" ಎನ್ನುತ್ತಿತ್ತು.

ನಿರ್ದೇಶಕ ಕಿರುಚುವುದಕ್ಕೂ ಮೊದಲು, ಪ್ಯೂ ತಲೆ ತಿರುಗಿಸುವುದಕ್ಕೂ ಮೊದಲು, ಯಾರೂ ಏನೂ ಕೇಳದೆ ಇದ್ದಾಗಲೇ ಹ್ಯೂ ಕೆಮ್ಮಿಬಿಟ್ಟಿದ್ದ. ಒಳ್ಳೆ ಕಿವಿಯವಳು ಎನ್ನಿಸಿಕೊಂಡ ನಾನು ಇಷ್ಟು ವರ್ಷ ಅದನ್ನು ಕೇಳಿಯೇ ಇರಲಿಲ್ಲ. ಅಂದು ನನ್ನ ಕಿವಿ ಅಪ್ಪನ ಎದೆಯನ್ನು ಬಿಟ್ಟು ಆಚೆ ಹೋಗಿರಲಿಲ್ಲ.

"ಕೆಮ್ಮಿದ್ದು ಯಾರು?" ಇದ್ವಲ್ ಕೇಳಿದ. ಒಂದು ಕೈ ಮೇಲೆತ್ತಿ 'ತಾಳಿ' ಎಂದು ಎಲ್ಲರನ್ನೂ ತಡೆದು, ನನ್ನ ಕಡೆ ನೋಡಿದ.

ಎದ್ದು ನಿಂತೆ. ಮೆಲೆರಿ ಬನ್ನು ಕಚ್ಚುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ಅವಳ ಹಣೆ ಹ್ಯೂನದೇ. ಚಿಕ್ಕಂದಿನಲ್ಲಿ ವಾಕ್ಯ ಹೇಳುವಾಗ ನಿಲ್ಲುತ್ತಿದ್ದಂತೆ ಕಾಲು ಜೋಡಿಸಿ, ಕೈ ಹಿಂದೆ ಕಟ್ಟಿ ನಿಂತು, ಹೇಳಿದೆ:

"ಬ್ರೆಡ್ ಹ್ಯೂ."

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಸೂರು ಹಾರಿಹೋಗುವ ಹಾಗೆ ಕೂಗಿದರು. ಮೆಲೆರಿ ನನ್ನ ಕತ್ತಿಗೆ ಜೋತುಬಿದ್ದು "ಕೊನೆಗೂ ಬಾಯಿ ಬಿಟ್ಟಳು ನೋಡ್ರೋ!" ಎಂದು ಕುಣಿದಳು. ಇದ್ವಲ್ ಕನ್ನಡಕ ಒರೆಸಿಕೊಂಡ.

ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದಾಗ ಫೆಂಟನ್ ಬಂದ. ಅವನ ಮುಖ ಬಾಡಿತ್ತು.

"ಯಾಕೆ ಮೇಡಂ? ನಿಮಗೆ ನಿಜ ಗೊತ್ತು. ಅದು ನಿಮ್ಮ ಮುಖದಲ್ಲೇ ಕಾಣ್ತಿತ್ತು."

"ಗೊತ್ತು," ಅಂದೆ. "ಮೊದಲನೇದು ನಮ್ಮಪ್ಪ. ಎಮ್ರಿಸ್ ರೋಲಂಡ್ಸ್, ಕಲ್ಲು ಸೀಳೋನು. ಎರಡನೇದು ಹ್ಯೂ. ನಮ್ಮಪ್ಪನ್ನ ಕಾಪಾಡೋಕ್ಕೆ ಕೆಮ್ಮಿದ. ಎರಡನ್ನೂ ಬರ್ಕೊಳಿ. ಈಗಲೇ ರುಜು ಹಾಕ್ತೀನಿ."

ಅವನು ಹಣೆ ಉಜ್ಜಿಕೊಂಡ. "ಎರಡನೇದು ಕೆಮ್ಮಲ್ಲ ಮೇಡಂ. ಮಾರ್ದನಿ. ಕಟ್ಟಡದ್ದು."

"ಹೆಬ್ರೋನಲ್ಲಿ ಮಾರ್ದನಿ ಇಲ್ಲ. ಮೊನ್ನೆ ನಡುಮಧ್ಯೆ ನಿಂತು ನೀವೇ ಕೇಳಿದ್ರಲ್ಲ, ಏನಾದ್ರೂ ವಾಪಸ್ ಬಂತಾ?"

ಅವನು ಮೇಲೆ ನೋಡಿದ. "ಇರಬಹುದು. ಆದ್ರೆ ಅಷ್ಟು ಸಣ್ಣ ಸದ್ದನ್ನ ನಾನು ಸಾಬೀತು ಮಾಡೋಕ್ಕಾಗಲ್ಲ. ಪಟ್ಟಿಯಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರ. ಮೊದಲನೇ ಕೆಮ್ಮು ಸಾಬೀತಾಗಿದೆ, ನಿಮ್ಮ ಸಾಕ್ಷಿ ಇದ್ರೆ ಪೂರ್ತಿ ಆಗುತ್ತೆ. ನಿಮ್ಮ ತಂದೆ ಹೆಸರನ್ನೇ ಹಾಕ್ತೀನಿ, ಅವರೊಬ್ಬರದೇ. ಸಾವಿರಾರು ಜನ ಓದ್ತಾರೆ. ನಿಮಗೂ ಅದೇ ಬೇಕಿತ್ತಲ್ವಾ?"

ನನಗೆ ಅದೇ ಬೇಕಿತ್ತು. ಅವನು ಕಾಗದ ಮುಂದಿಟ್ಟ. ಹೇಳಿಕೆಯನ್ನು ಆಗಲೇ ಟೈಪ್ ಮಾಡಿಸಿ, ಹೆಸರಿಗೆ ಜಾಗ ಬಿಟ್ಟು ತಂದಿದ್ದ. ಬಿಟ್ಟ ಜಾಗದಲ್ಲಿ ಈಗ ನನ್ನ ಎದುರಿಗೇ ಅಪ್ಪನ ಹೆಸರನ್ನು ದುಂಡಗೆ ಬರೆದ, ಒಂದಕ್ಷರವೂ ತಪ್ಪಿಲ್ಲದೆ. ಆ ಹೆಸರನ್ನು ಗೋರಿಕಲ್ಲು ಬಿಟ್ಟರೆ ಬೇರೆಲ್ಲೂ ನಾನು ಅಷ್ಟು ಅಂದವಾಗಿ ನೋಡಿರಲಿಲ್ಲ. ಅದರ ಮೇಲಿನ ಸಾಲಿನಲ್ಲಿ ಮೊದಲೇ ಅಚ್ಚಾಗಿತ್ತು: ಕೆಮ್ಮಿದವನು ಬೇಕರಿಯ ಹ್ಯೂ ಅಲ್ಲ.

ಆಚೆ ಮೆಲೆರಿ ಖಾಲಿ ತಟ್ಟೆ ಬಡಿಯುತ್ತಾ, ತಾತನ ನೊಣದ ಕಥೆಯನ್ನು ಗ್ಲಿನ್‌ಗೆ ನೂರನೆಯ ಸಲ ಹೇಳುತ್ತಿದ್ದಳು.

"ಇಲ್ಲಿ, ಕೆಳಗೆ," ಫೆಂಟನ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ದಯವಿಟ್ಟು ಮೇಡಂ. ಒಂದೇ ಒಂದು ರುಜು."

ಪೆನ್ನನ್ನು ಅವನ ಕೈಗೇ ವಾಪಸು ಇಟ್ಟೆ.

"ಇಲ್ಲ," ಅಂದೆ. "ಹಾಕಲ್ಲ."